ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಉಡುಪು ವಿನ್ಯಾಸ: ರವಿಕೆ ಹೊಲಿಯಬಲ್ಲವರಿಗೊಂದು ಮಾರ್ಗದರ್ಶಿ

“ಊರಿನಲ್ಲಿ ಆರು ತಿಂಗಳು ಟೈಲರಿಂಗ್ ಕಲಿತಿದ್ದೆ, ರವಿಕೆ, ಚೂಡಿದಾರ್ ಹೊಲಿಯಲು ಬರುತ್ತದೆ. ಈಗ ಗಂಡನ ಕೆಲಸದ ನಿಮಿತ್ತ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೇನೆ. ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್ ಕಲಿಯಬಹುದೇ? ಎಷ್ಟು ಖರ್ಚಾಗುತ್ತದೆ? ಎಲ್ಲಿಂದ ಶುರು ಮಾಡಬೇಕು?” ಈ ಪ್ರಶ್ನೆ ಬಹುತೇಕ ಇದೇ ಮಾತುಗಳಲ್ಲಿ ಮತ್ತೆ ಮತ್ತೆ ನನ್ನನ್ನು ತಲುಪುತ್ತಿರುವುದರಿಂದ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಂದೆಡೆ ಬರೆದಿಡುತ್ತಿದ್ದೇನೆ.

ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷದ ಅವಧಿಯ ಸರ್ಕಾರಿ ಕಾಲೇಜು. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ. ಹದಿನೆಂಟು ತುಂಬಿದವರಿಗೆ ಪ್ರವೇಶ ಪರೀಕ್ಷೆ ಇಲ್ಲ, ವಯಸ್ಸಿನ ಮೇಲ್ಮಿತಿ ಇಲ್ಲ. ನನ್ನ ಮೊದಲ ತರಗತಿಯಲ್ಲಿ ಹತ್ತೊಂಬತ್ತರ ಹುಡುಗನೂ ಎಪ್ಪತ್ತು ದಾಟಿದ ಅಜ್ಜಿಯೂ ಅಕ್ಕಪಕ್ಕದ ಯಂತ್ರಗಳಲ್ಲಿ ಕುಳಿತಿದ್ದರು. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ನೀವು ವಿನ್ಯಾಸ ಮಾಡುವುದಕ್ಕಿಂತ ಅಳೆಯುವುದು, ಗುರುತು ಹಾಕುವುದು, ಇಸ್ತ್ರಿ ಮಾಡುವುದು ಮತ್ತು ಹೊಲಿದದ್ದನ್ನು ಬಿಚ್ಚುವುದೇ ಹೆಚ್ಚು. ಬಣ್ಣದ ಚಿತ್ರ ಬರೆಯುವ ಆಸೆಯಿಂದ ಬಂದವರು ಆರನೇ ವಾರದ ಹೊತ್ತಿಗೆ ಬಿಟ್ಟುಹೋಗುವುದು ಇದೇ ಕಾರಣಕ್ಕೆ.

1. ವೀಸಾ ಮತ್ತು ‘ನಿವಾಸ’ ಇತ್ಯರ್ಥ ಮಾಡಿಕೊಳ್ಳಿ

ಎಚ್-4 ವೀಸಾದವರು, ಅಂದರೆ ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿಗಳು, ಯಾವ ಹೆಚ್ಚುವರಿ ಅನುಮತಿಯೂ ಇಲ್ಲದೆ ಓದಬಹುದು. ಒಂದೇ ತರಗತಿಯನ್ನು ತೆಗೆದುಕೊಂಡರೂ ಸರಿ, ಪೂರ್ಣಾವಧಿ ಓದಿದರೂ ಸರಿ. ಎಫ್-1 ವಿದ್ಯಾರ್ಥಿ ವೀಸಾದವರು ಪ್ರತಿ ಅವಧಿಗೂ (ಸೆಮಿಸ್ಟರಿಗೂ) ಸಾಮಾನ್ಯವಾಗಿ 12 ಯೂನಿಟ್ ಓದಲೇಬೇಕು. ಯೂನಿಟ್ ಎಂದರೆ ತರಗತಿಯ ಗಾತ್ರವನ್ನು ಎಣಿಸುವ ಲೆಕ್ಕ. ಬಿ-2 ಪ್ರವಾಸಿ ವೀಸಾದಲ್ಲಿ ಮಕ್ಕಳ ಮನೆಗೆ ಬಂದಿರುವ ತಂದೆ ತಾಯಂದಿರು ಕಾಲೇಜಿನ ಕೋರ್ಸಿಗೆ ಸೇರುವಂತಿಲ್ಲ. “ಬರೀ ಹೊಲಿಗೆ ಕ್ಲಾಸ್ ತಾನೇ” ಎಂದು ಅಮ್ಮನನ್ನು ಸೇರಿಸಲು ಹೊರಡಬೇಡಿ.

ಶುಲ್ಕದ ಲೆಕ್ಕ ನಿಂತಿರುವುದು ನೀವು ಕಾಲೇಜಿನ ದೃಷ್ಟಿಯಲ್ಲಿ ರಾಜ್ಯದ ನಿವಾಸಿ ಹೌದೋ ಅಲ್ಲವೋ ಎಂಬುದರ ಮೇಲೆ. ನಿವಾಸಿಗಳಿಗೆ 2012ರಿಂದ ಯೂನಿಟ್‌ಗೆ 46 ಡಾಲರ್. ಅಲ್ಲದವರಿಗೆ ಬಹಳಷ್ಟು ಕಾಲೇಜುಗಳಲ್ಲಿ 300 ಡಾಲರ್‌ಗೂ ಮೇಲೆ. ಮೂರು ಯೂನಿಟ್‌ನ ಒಂದು ತರಗತಿಗೆ 138 ಡಾಲರ್ ಕೊಡುವುದಕ್ಕೂ ಸಾವಿರದಷ್ಟು ಕೊಡುವುದಕ್ಕೂ ಇರುವ ವ್ಯತ್ಯಾಸ ಇದು. ಅವಧಿ ಆರಂಭವಾಗುವ ಹಿಂದಿನ ದಿನಕ್ಕೆ ನೀವು ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ವಾಸಿಸಿರಬೇಕು, ಮತ್ತು ಇಲ್ಲೇ ನೆಲೆಸುವ ಉದ್ದೇಶವಿದೆ ಎಂದು ದಾಖಲೆಗಳಿಂದ ತೋರಿಸಬೇಕು. ಎಚ್-1ಬಿ, ಎಚ್-4 ವೀಸಾದವರಿಗೆ ಈ ನಿವಾಸಿ ಸ್ಥಾನ ದೊರೆಯುತ್ತದೆ. ಎಫ್-1 ಮತ್ತು ಬಿ ವೀಸಾದವರಿಗೆ ದೊರೆಯುವುದಿಲ್ಲ.

ನಮ್ಮವರು ಎಡವುವುದು ಇಲ್ಲೇ. ಬಾಡಿಗೆ ಕರಾರು, ಬ್ಯಾಂಕ್ ಖಾತೆ, ವಿದ್ಯುತ್ ಬಿಲ್ಲು ಎಲ್ಲವೂ ಗಂಡನ ಹೆಸರಿನಲ್ಲಿರುತ್ತವೆ. ಎರಡು ವರ್ಷ ಇಲ್ಲೇ ಇದ್ದರೂ ಹೆಂಡತಿಯ ಹೆಸರಿನ ಒಂದು ಕಾಗದವೂ ಸಿಗುವುದಿಲ್ಲ. ಆದ್ದರಿಂದ ಓದುವ ಯೋಚನೆ ಬಂದ ದಿನವೇ ರಾಜ್ಯದ ಚಾಲನಾ ಪರವಾನಗಿ ಅಥವಾ ಗುರುತಿನ ಚೀಟಿಯನ್ನು ಮಾಡಿಸಿ, ಬಾಡಿಗೆ ಕರಾರಿನಲ್ಲಿ ಹೆಸರು ಸೇರಿಸಿ, ರಾಜ್ಯದ ತೆರಿಗೆ ವಿವರವನ್ನು ಜಂಟಿಯಾಗಿ ಸಲ್ಲಿಸಿ. ಅರ್ಜಿಗಳಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ಮಾತ್ರ ಮರೆತೂ ‘ಹೌದು’ ಎನ್ನಬೇಡಿ; ಪೌರತ್ವವಿಲ್ಲದವರು ಮತದಾರರಾಗಿ ಹೆಸರು ಬರೆಸುವುದು ಗಂಭೀರ ಅಪರಾಧ, ಮುಂದೆ ಗ್ರೀನ್ ಕಾರ್ಡಿಗೂ ಅಡ್ಡ ಬರುತ್ತದೆ.

2. ಕಾಲೇಜನ್ನು ಆರಿಸಿಕೊಳ್ಳಿ

ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ಈ ವಿಭಾಗ ಇಲ್ಲ. ಬೇ ಏರಿಯಾದವರು ರೆಡ್‌ವುಡ್ ಸಿಟಿಯ ಕನ್ಯಾಡಾ ಕಾಲೇಜು (ಬರವಣಿಗೆಯಲ್ಲಿ ಕೆನಡಾ ದೇಶದಂತೆಯೇ ಕಂಡರೂ ಇದು ಕಣಿವೆ ಎಂಬರ್ಥದ ಸ್ಪ್ಯಾನಿಷ್ ಪದ), ಸರಟೋಗಾದ ವೆಸ್ಟ್ ವ್ಯಾಲಿ ಕಾಲೇಜು ಮತ್ತು ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೊಗಳನ್ನು ನೋಡಬಹುದು. ದಕ್ಷಿಣದಲ್ಲಿ ಲಾಸ್ ಏಂಜಲಿಸ್ ಟ್ರೇಡ್-ಟೆಕ್ನಿಕಲ್ ಕಾಲೇಜು, ಸಾಂಟಾ ಮೋನಿಕಾ ಕಾಲೇಜು, ಕೋಸ್ಟಾ ಮೇಸಾದ ಆರೆಂಜ್ ಕೋಸ್ಟ್ ಕಾಲೇಜು, ಸ್ಯಾನ್ ಡಿಯಾಗೊ ಮೇಸಾ ಕಾಲೇಜು ಇವೆ. 1925ರಲ್ಲಿ ಆರಂಭವಾದ ಟ್ರೇಡ್-ಟೆಕ್, ನಗರದ ಬಟ್ಟೆ ಸಗಟು ಬೀದಿಗಳಾದ ಫ್ಯಾಷನ್ ಡಿಸ್ಟ್ರಿಕ್ಟಿಗೆ ಹತ್ತಿರದಲ್ಲೇ ಇದ್ದು, ಉದ್ಯಮದ ಕೆಲಸಕ್ಕೆಂದೇ ಕಲಿಯುವವರಿಗೆ ಹೇಳಿಮಾಡಿಸಿದಂತಿದೆ.

ಹೆಸರಿಗಿಂತ ತರಗತಿಗಳ ವೇಳಾಪಟ್ಟಿಯನ್ನು ನೋಡಿ. ಕ್ಯಾಟಲಾಗಿನಲ್ಲಿ ಇಪ್ಪತ್ತು ವಿಷಯಗಳಿದ್ದು ಈ ಅವಧಿಯಲ್ಲಿ ನಾಲ್ಕೇ ನಡೆಯುತ್ತಿರಬಹುದು. ಹಿಂದಿನ ಎರಡು ಮೂರು ಅವಧಿಗಳ ಪಟ್ಟಿಯನ್ನು ತೆಗೆದು, ಪ್ಯಾಟರ್ನ್ (ಉಡುಪಿನ ಭಾಗಗಳ ಕಾಗದದ ನಕ್ಷೆ) ತರಗತಿ ಯಾವ ಅವಧಿಯಲ್ಲಿ ಬರುತ್ತದೆ, ಹಗಲೋ ಸಂಜೆಯೋ ಎಂದು ನೋಡಿಕೊಂಡರೆ ಒಂದು ವರ್ಷ ಸುಮ್ಮನೆ ಕಾಯುವುದು ತಪ್ಪುತ್ತದೆ. ನಿಮಗೆ ಬರೀ ಹೊಲಿಗೆ ಸುಧಾರಿಸಿಕೊಂಡರೆ ಸಾಕು ಎಂದಿದ್ದರೆ, ಯೂನಿಟ್ ಶುಲ್ಕವೇ ಇಲ್ಲದ ನಾನ್‌ಕ್ರೆಡಿಟ್ ತರಗತಿಗಳು, ಅಂದರೆ ಪದವಿಯ ಲೆಕ್ಕಕ್ಕೆ ಬಾರದ ತರಗತಿಗಳು, ಕೆಲವೆಡೆ ಇವೆ. ಮೊದಲು ಅವನ್ನು ಹುಡುಕಿ.

3. ಅರ್ಜಿ ಹಾಕಿ, ತರಗತಿಯಲ್ಲಿ ಜಾಗ ಹಿಡಿಯಿರಿ

ಅರ್ಜಿ ಸಿಸಿಸಿ ಅಪ್ಲೈ ಎಂಬ ಜಾಲತಾಣದಲ್ಲಿ, ಉಚಿತ. ಅರ್ಜಿ ಹಾಕಲು ಹಣ ಕೇಳುವ ತಾಣಕ್ಕೆ ಹೋಗಿದ್ದರೆ ದಾರಿ ತಪ್ಪಿದ್ದೀರಿ ಎಂದೇ ತಿಳಿಯಿರಿ. ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಅಕ್ಷರಶಃ ಹಾಗೆಯೇ ಬರೆಯಿರಿ. ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ಲುಗಳ ನಮ್ಮ ಪದ್ಧತಿಯಿಂದಾಗಿ ಒಬ್ಬರೇ ಇಬ್ಬರಾಗಿ ದಾಖಲಾಗಿ, ಆಮೇಲೆ ಅದನ್ನು ಸರಿಪಡಿಸಲು ವಾರಗಟ್ಟಲೆ ಅಲೆದವರನ್ನು ಬಲ್ಲೆ.

ಹೊಲಿಗೆ ಕೋಣೆಯಲ್ಲಿ ಯಂತ್ರಗಳು ಎಷ್ಟಿವೆಯೋ ಅಷ್ಟೇ ಜಾಗ. ಹೊಸಬರಿಗೆ ನೋಂದಣಿಯ ಸರದಿ ಕೊನೆಗೆ ಬರುವುದರಿಂದ ತರಗತಿ ತುಂಬಿರುವುದು ಸಾಮಾನ್ಯ. ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಮೊದಲ ದಿನ ತಪ್ಪದೆ ಹೋಗಿ ಕುಳಿತುಕೊಳ್ಳಿ. ಮೊದಲ ದಿನ ಬಾರದವರ ಹೆಸರನ್ನು ಅಧ್ಯಾಪಕರು ತೆಗೆದುಹಾಕಿ, ಬಂದು ಕುಳಿತವರಿಗೆ ‘ಆಡ್ ಕೋಡ್’ ಎಂಬ ಸೇರ್ಪಡೆ ಸಂಖ್ಯೆಯನ್ನು ಕೊಡುವುದುಂಟು. ಬಿಡುವುದಾದರೆ ಮೊದಲ ಎರಡು ವಾರಗಳೊಳಗೆ ಬಿಡಿ, ಹಣ ವಾಪಸ್ ಬರುತ್ತದೆ. ಸುಮ್ಮನೆ ಹೋಗುವುದನ್ನು ನಿಲ್ಲಿಸಿದರೆ ಅಂಕಪಟ್ಟಿಯಲ್ಲಿ ಅನುತ್ತೀರ್ಣ ಎಂದು ಉಳಿಯುತ್ತದೆ. ಇನ್ನೊಂದು ವಿಷಯ: ತೇರ್ಗಡೆಯಾದ ತರಗತಿಯನ್ನು ಅಭ್ಯಾಸಕ್ಕೆಂದು ಮತ್ತೆ ಮತ್ತೆ ತೆಗೆದುಕೊಳ್ಳಲು ಹಿಂದೆ ಅವಕಾಶವಿತ್ತು, 2013ರ ನಂತರ ಸಾಮಾನ್ಯವಾಗಿ ಇಲ್ಲ. ಒಮ್ಮೆ ಸಿಕ್ಕ ತರಗತಿಯಿಂದ ಪೂರ್ತಿ ಹಿಂಡಿಕೊಳ್ಳಬೇಕು.

4. ತರಗತಿಗಳ ಕ್ರಮ

ಮೊದಲ ಅವಧಿಗೆ ಎರಡೇ ಸಾಕು: ಉಡುಪು ನಿರ್ಮಾಣದ ಆರಂಭಿಕ ತರಗತಿ ಮತ್ತು ಜವಳಿ ಪರಿಚಯ. ಎರಡನೆಯ ಅವಧಿಯಲ್ಲಿ ಫ್ಲಾಟ್ ಪ್ಯಾಟರ್ನ್, ಅಂದರೆ ಮೇಜಿನ ಮೇಲೆ ಕಾಗದದಲ್ಲಿ ಉಡುಪಿನ ಭಾಗಗಳನ್ನು ರೂಪಿಸುವುದು. ಡ್ರೇಪಿಂಗ್, ಅಂದರೆ ಗೊಂಬೆಯ ಮೇಲೆ ಬಟ್ಟೆಯನ್ನು ಪಿನ್ನು ಚುಚ್ಚಿ ರೂಪಿಸುವುದು, ಅದರ ನಂತರ. ಚಿತ್ರಕಲೆ, ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಬಿಡಿಸುವುದು, ಕೋಟು ಹೊಲಿಯುವ ಟೈಲರಿಂಗ್ ಇವೆಲ್ಲ ಆಮೇಲಿನ ಮಾತು. ಮೂರು ಯೂನಿಟ್ ಎಂದರೆ ವಾರಕ್ಕೆ ಮೂರು ಗಂಟೆ ಎಂದುಕೊಳ್ಳಬೇಡಿ. ಪ್ರಯೋಗಾಲಯದ ಅವಧಿ ಸೇರಿ ತರಗತಿಯೇ ಐದು ಗಂಟೆಯಾಗಬಹುದು, ಮನೆಯ ಕೆಲಸ ಮತ್ತೆ ಅಷ್ಟೇ. ಪುಟ್ಟ ಮಗುವಿರುವವರು ಮೊದಲ ಅವಧಿಯಲ್ಲಿ ಒಂದನ್ನೇ ತೆಗೆದುಕೊಂಡರೆ ನಷ್ಟವೇನಿಲ್ಲ. ಎರಡು ವರ್ಷದ ಪದವಿಗೆ 60 ಯೂನಿಟ್ ಬೇಕು. ಸರ್ಟಿಫಿಕೇಟಿಗೆ ಅದರಲ್ಲಿ ಒಂದು ಭಾಗ ಸಾಕು, ಭಾರತದಲ್ಲಿ ಈಗಾಗಲೇ ಪದವಿ ಪಡೆದವರಿಗೆ ಬಹುಪಾಲು ಅದೇ ಸೂಕ್ತ.

5. ಸಲಕರಣೆ ಕೊಳ್ಳುವ ಮೊದಲು

ಅಧ್ಯಾಪಕರ ಪಟ್ಟಿ ಕೈಗೆ ಬರುವವರೆಗೆ ಏನನ್ನೂ ಕೊಳ್ಳಬೇಡಿ. ಸಾಮಾನ್ಯವಾಗಿ ಬೇಕಾಗುವವು ಇವು: ಒಂದೆಂಟಾಂಶ ಇಂಚಿನ ಚೌಕಗಳಿರುವ 18 ಇಂಚಿನ ಪಾರದರ್ಶಕ ಅಳತೆಪಟ್ಟಿ, ಲೋಹದ ಎಲ್ ಆಕಾರದ ಮೂಲೆಮಟ್ಟ, ಕತ್ತು ಮತ್ತು ಕಂಕುಳಿಗೆ ಫ್ರೆಂಚ್ ಕರ್ವ್, ಸೊಂಟದ ಬಳುಕಿಗೆ ಹಿಪ್ ಕರ್ವ್, ಗುರುತು ವರ್ಗಾಯಿಸುವ ಹಲ್ಲಿನ ಚಕ್ರ, ಪ್ಯಾಟರ್ನಿನ ಅಂಚಿನಲ್ಲಿ ಕಚ್ಚು ಹಾಕುವ ನಾಚರ್, ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್, ಚುಕ್ಕಿ ಕಾಗದ, ಮತ್ತು ಇಲ್ಲಿ ಮಸ್ಲಿನ್ ಎಂದು ಕರೆಯುವ ಕೋರಾ ಬಟ್ಟೆ. ಈ ಮಸ್ಲಿನ್ನಿಗೂ ಢಾಕಾದ ನವಿರು ಮಸ್ಲಿನ್ನಿಗೂ ಹೆಸರಿನ ಹೊರತು ನಂಟಿಲ್ಲ; ಇದು ಬಿಳುಪು ಮಾಡದ ಒರಟು ಹತ್ತಿ ಬಟ್ಟೆ.

ಬಟ್ಟೆಯ ಕತ್ತರಿಗೆ ಹಣ ಹಾಕಿ, ಕಾಗದಕ್ಕೆ ಬೇರೆ ಅಗ್ಗದ ಕತ್ತರಿ ಇಟ್ಟುಕೊಳ್ಳಿ, ಮನೆಯವರು ಮುಟ್ಟದಂತೆ ಬಟ್ಟೆಯ ಕತ್ತರಿಗೆ ಒಂದು ದಾರ ಕಟ್ಟಿಡಿ. ಯಾವ ಊರಿನಲ್ಲೂ ಕಾಣುತ್ತಿದ್ದ, ಬಟ್ಟೆ ಮತ್ತು ಹೊಲಿಗೆ ಸಾಮಾನಿನ ಜೋಆನ್ ಮಳಿಗೆಗಳು 2025ರಲ್ಲಿ ಪೂರ್ತಿ ಮುಚ್ಚಿದ್ದರಿಂದ, ಹಳೆಯ ಪಟ್ಟಿಗಳಲ್ಲಿ “ಜೋಆನ್‌ನಲ್ಲಿ ಸಿಗುತ್ತದೆ” ಎಂದಿದ್ದರೆ ಅದನ್ನು ಆನ್‌ಲೈನ್‌ನಲ್ಲಿ ತರಿಸಲು ಒಂದು ವಾರ ಮುಂಚೆಯೇ ಯೋಚಿಸಬೇಕು.

6. ಕಾರ್ಖಾನೆಯ ಯಂತ್ರದ ಪರಿಚಯ

ಕಾಲುಮಣೆಯ ಉಷಾ ಯಂತ್ರದಲ್ಲಿ ಕಲಿತವರಿಗೆ ಇಲ್ಲಿನ ಜೂಕಿ ಮೊದಲಾದ ಕಾರ್ಖಾನೆ ಯಂತ್ರಗಳು ಹೆದರಿಕೆ ಹುಟ್ಟಿಸುತ್ತವೆ, ಹುಟ್ಟಿಸಬೇಕು ಕೂಡ. ಅವು ನಿಮಿಷಕ್ಕೆ ಸುಮಾರು 5,000 ಹೊಲಿಗೆ ಹಾಕಬಲ್ಲವು. ಮೊದಲ ದಿನ ದಾರವಿಲ್ಲದೆ, ಗೆರೆ ಹಾಕಿದ ಕಾಗದದ ಮೇಲೆ ಬರೀ ಸೂಜಿ ಓಡಿಸಿ ಪಾದದ ಒತ್ತಡ ಅಭ್ಯಾಸ ಮಾಡಿಕೊಳ್ಳಿ. ಹೊಲಿಗೆಯ ಪಾದವನ್ನು ಎತ್ತಲು ಮೇಜಿನ ಕೆಳಗೆ ಮೊಣಕಾಲಿನಿಂದ ಒತ್ತುವ ಸನ್ನೆ ಇರುತ್ತದೆ. ಅದು ರೂಢಿಯಾದರೆ ಎರಡೂ ಕೈ ಬಟ್ಟೆಯ ಮೇಲೇ ಉಳಿಯುತ್ತವೆ.

ಸೂಜಿಯನ್ನು ಹತ್ತಿರದಿಂದ ನೋಡಿ. ಮನೆಯ ಯಂತ್ರದ ಸೂಜಿಯ ಬುಡ ಒಂದು ಕಡೆ ಚಪ್ಪಟೆಯಾಗಿರುವುದರಿಂದ ತಪ್ಪಾಗಿ ಹಾಕುವ ಸಂಭವ ಕಡಿಮೆ. ಕಾರ್ಖಾನೆ ಯಂತ್ರದ ಸೂಜಿಯ ಬುಡ ಪೂರ್ತಿ ದುಂಡು, ಯಾವ ಕಡೆಗೆ ತಿರುಗಿಸಿದರೂ ಕೂರುತ್ತದೆ. ಸೂಜಿಯ ಒಂದು ಪಕ್ಕದಲ್ಲಿ ಮೇಲಿನಿಂದ ಕಣ್ಣಿನವರೆಗೆ ಉದ್ದನೆಯ ಗೀರು ಇರುತ್ತದೆ, ಉಗುರು ಸವರಿದರೆ ಸಿಗುತ್ತದೆ. ಒಂಟಿ ಸೂಜಿಯ ಸಾಮಾನ್ಯ ಯಂತ್ರದಲ್ಲಿ ಆ ಗೀರು ನಿಮ್ಮ ಎಡಕ್ಕಿರಬೇಕು, ದಾರ ಎಡದಿಂದ ಬಲಕ್ಕೆ ಪೋಣಿಸಬೇಕು. ಹೊಲಿಗೆ ತಪ್ಪುತ್ತಿದೆ, ದಾರ ಹರಿಯುತ್ತಿದೆ ಎಂದು ಟೆನ್ಷನ್ ಗುಂಡಿಯನ್ನು ತಿರುವುವ ಮೊದಲು ಇದನ್ನು ನೋಡಿ; ಅದು ಬಿಟ್ಟು ಗುಂಡಿ ತಿರುವಿದರೆ ಎರಡು ತಪ್ಪುಗಳಾಗುತ್ತವೆ.

7. ಕಾಗದದಲ್ಲಿ ಪ್ಯಾಟರ್ನ್: ಇಲ್ಲಿ ಹಳೆಯ ಕೈ ತಡೆಯುತ್ತದೆ

ನಮ್ಮ ಟೈಲರಿಂಗ್ ಪದ್ಧತಿಯಲ್ಲಿ ಅಳತೆಯ ರವಿಕೆಯನ್ನು ಬಟ್ಟೆಯ ಮೇಲಿಟ್ಟೋ, ಎದೆಯ ಸುತ್ತಳತೆಯ ನಾಲ್ಕನೆಯ ಒಂದು, ಹನ್ನೆರಡನೆಯ ಒಂದು ಎಂದು ಲೆಕ್ಕ ಹಾಕಿಯೋ ಸೀಮೆಸುಣ್ಣದಿಂದ ನೇರವಾಗಿ ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿಸುತ್ತೇವೆ. ಒಬ್ಬರ ಮೈಗೆ, ಒಂದು ಸಲಕ್ಕೆ ಅದು ಸೊಗಸಾದ ವಿದ್ಯೆ, ಅದನ್ನು ಕೀಳೆಂದು ನಾನು ಎಂದೂ ಹೇಳುವುದಿಲ್ಲ. ಇಲ್ಲಿನ ಪದ್ಧತಿಯ ಗುರಿ ಬೇರೆ: ನೀವು ಬರೆದ ಕಾಗದವನ್ನು ನಿಮ್ಮನ್ನು ಕಾಣದ ಇನ್ನೊಬ್ಬರು ನೋಡಿ, ಏನನ್ನೂ ಕೇಳದೆ ಅದೇ ಉಡುಪನ್ನು ನೂರು ಬಾರಿ ಹೊಲಿಯುವಂತಿರಬೇಕು. ಮುಂದಿನದನ್ನೆಲ್ಲ ಈ ದೃಷ್ಟಿಯಿಂದ ನೋಡಿದರೆ ಕಿರಿಕಿರಿ ಕಡಿಮೆಯಾಗುತ್ತದೆ.

ಎಲ್ಲಕ್ಕೂ ಬುನಾದಿ ‘ಸ್ಲೋಪರ್’. ಮೈಗೆ ಹೊಂದುವ, ಯಾವ ಅಲಂಕಾರವೂ ಹೊಲಿಗೆಯಂಚೂ ಇಲ್ಲದ ಮೂಲ ನಕ್ಷೆ ಇದು. ಮೇಲಂಗಿಯ ಮುಂಭಾಗ, ಹಿಂಭಾಗ, ಸ್ಕರ್ಟಿನ ಮುಂಭಾಗ, ಹಿಂಭಾಗ ಮತ್ತು ತೋಳು ಎಂದು ಐದು ತುಂಡು. ಇದನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿಟ್ಟು, ಪ್ರತಿ ಹೊಸ ವಿನ್ಯಾಸಕ್ಕೂ ಇದರ ಸುತ್ತ ಗೆರೆ ಎಳೆದು ಬದಲಾಯಿಸುತ್ತಾ ಹೋಗುತ್ತೀರಿ. ನಾವು ಟಕ್ಸ್ ಎನ್ನುವ ಡಾರ್ಟಿನ ವಿಷಯವೂ ಇಲ್ಲೇ ತೆರೆದುಕೊಳ್ಳುತ್ತದೆ. ಸೊಂಟದ ಟಕ್ಸ್ ಅನ್ನು ಮುಚ್ಚಿ, ಭುಜದಿಂದ ಎದೆಯ ತುದಿಯವರೆಗೆ ಕಾಗದವನ್ನು ಸೀಳಿದರೆ ಆ ಅಗಲ ತಾನಾಗಿ ಭುಜಕ್ಕೆ ಹೋಗುತ್ತದೆ. ಉಡುಪಿನ ಹೊಂದಾಣಿಕೆ ಬದಲಾಗುವುದಿಲ್ಲ, ಗೆರೆಯ ಜಾಗ ಮಾತ್ರ ಬದಲಾಗುತ್ತದೆ. ಪ್ರಿನ್ಸೆಸ್ ಕಟ್ ರವಿಕೆಯನ್ನು ನೂರು ಸಲ ಹೊಲಿದವರಿಗೂ ಅದು ಎರಡು ಟಕ್ಸ್‌ಗಳನ್ನು ಒಂದೇ ಹೊಲಿಗೆಯಲ್ಲಿ ನುಂಗಿದ ರೂಪ ಎಂಬುದು ಈ ಕಾಗದವನ್ನು ಸೀಳಿದ ದಿನವೇ ಹೊಳೆಯುವುದು.

ನಮ್ಮವರು ಮಾಡುವ ತಪ್ಪುಗಳಲ್ಲಿ ಮೊದಲನೆಯದು ‘ಈಸ್’ ಬಿಡದಿರುವುದು. ಈಸ್ ಎಂದರೆ ಮೈಯ ಅಳತೆಗಿಂತ ಉಡುಪಿನಲ್ಲಿ ಹೆಚ್ಚಿಗೆ ಇರುವ ಸಡಿಲ. ರವಿಕೆ ಮೈಗೆ ಅಂಟಿಕೊಂಡಿರಬೇಕಾದ್ದರಿಂದ ಅದರಲ್ಲಿ ಈಸ್ ಇಲ್ಲವೆಂಬಷ್ಟು ಕಡಿಮೆ; ಅದೇ ರೂಢಿಯಲ್ಲಿ ಷರ್ಟು ಬರೆದರೆ ತೊಟ್ಟವರು ಕೈ ಎತ್ತಲಾರರು. ಎರಡನೆಯದು ಹೊಲಿಗೆಯಂಚು. ಮುಂದೆ ಬಿಚ್ಚಿ ಸಡಿಲಿಸಲೆಂದು ನಾವು ಒಳಗೆ ಒಂದೂವರೆ ಇಂಚು ಬಟ್ಟೆ ಬಿಡುತ್ತೇವೆ. ಇಲ್ಲಿ ಪಕ್ಕದ ಹೊಲಿಗೆಗೆ ಸಾಮಾನ್ಯವಾಗಿ ಅರ್ಧ ಇಂಚು, ಕತ್ತಿನ ತಿರುವಿಗೆ ಕಾಲು ಇಂಚು ಮಾತ್ರ, ಮತ್ತು ಅಂಗಡಿಯಲ್ಲಿ ಸಿಗುವ ಮನೆಬಳಕೆಯ ಸಿದ್ಧ ಪ್ಯಾಟರ್ನಿನಲ್ಲಿ 5/8 ಇಂಚು. ಯಾವುದರಲ್ಲಿ ಎಷ್ಟಿದೆ ಎಂದು ಪ್ರತಿ ತುಂಡಿನ ಮೇಲೂ ಬರೆಯಿರಿ.

ಮೂರನೆಯದು ಸಣ್ಣ ಅಳತೆಯ ಅಸಡ್ಡೆ. ನಾಲ್ಕು ಹೊಲಿಗೆಗಳ ಸ್ಕರ್ಟಿನಲ್ಲಿ ಪ್ರತಿ ಹೊಲಿಗೆಯೂ ಬರೀ 1/8 ಇಂಚು ಒಳಗೆ ಸರಿದರೆ, ಎರಡೂ ಪದರ ಸೇರಿ ಹೊಲಿಗೆಗೆ ಕಾಲು ಇಂಚಿನಂತೆ ಸೊಂಟದಲ್ಲಿ ಪೂರ್ತಿ ಒಂದು ಇಂಚು ಹೋಯಿತು. ಜಿಪ್ಪು ಮೇಲೇರದಿದ್ದಾಗ ಜಿಪ್ಪನ್ನು ಬೈಯುತ್ತೇವೆ.

ಪ್ರತಿ ತುಂಡಿನ ಮೇಲೂ ಇರಲೇಬೇಕಾದವು: ಹೆಸರು, ಅಳತೆ ಸಂಖ್ಯೆ, ಎಷ್ಟು ಕತ್ತರಿಸಬೇಕು ಎಂಬುದು, ಜೋಡಣೆಯ ಕಚ್ಚುಗಳು, ಮತ್ತು ಗ್ರೇನ್ ಬಾಣ. ಬಟ್ಟೆಯ ಹಾಸು, ಅಂದರೆ ಗಟ್ಟಿ ಅಂಚಿಗೆ ಸಮಾನಾಂತರವಾಗಿ ಓಡುವ ಎಳೆ, ಯಾವ ದಿಕ್ಕಿಗಿರಬೇಕೆಂದು ಆ ಬಾಣ ಹೇಳುತ್ತದೆ. ಬಾಣದ ಎರಡೂ ತುದಿಗಳಿಂದ ಅಂಚಿಗೆ ಇರುವ ದೂರವನ್ನು ಟೇಪು ಹಿಡಿದು ಅಳೆಯಿರಿ, ಕಣ್ಣಳತೆ ಬೇಡ. ಹಾಸಿನಿಂದ ಓರೆಯಾದ ಪ್ಯಾಂಟಿನ ಕಾಲು ಒಗೆದ ಮೇಲೆ ಮೊಣಕಾಲಿನ ಸುತ್ತ ತಿರುಚಿಕೊಳ್ಳುತ್ತದೆ. ಒಂದೊಂದೇ ಪದರ ಕತ್ತರಿಸುವಾಗ ಎರಡನೆಯ ತೋಳಿಗೆ ಕಾಗದವನ್ನು ಮಗುಚಿ ಇಡುವುದನ್ನೂ ಮರೆಯಬೇಡಿ. ಎರಡು ಎಡತೋಳು ಕತ್ತರಿಸಿದವರ ಸಂಘದಲ್ಲಿ ನಾನೂ ಸದಸ್ಯೆ.

8. ಕೋರಾ ಬಟ್ಟೆಯಲ್ಲಿ ಪರೀಕ್ಷೆ, ನಂತರ ಹೊಲಿಗೆ

ಒಳ್ಳೆಯ ಬಟ್ಟೆ ಮುಟ್ಟುವ ಮೊದಲು ಮಸ್ಲಿನ್ನಿನಲ್ಲಿ ಒಂದು ಸಲ ದೊಡ್ಡ ಹೊಲಿಗೆಯಲ್ಲಿ ಹೊಲಿದು ತೊಟ್ಟು ನೋಡಿ. ಸುಕ್ಕುಗಳನ್ನು ಓದಲು ಕಲಿಯಿರಿ: ಬಿಗಿಯಾದ ಓರೆ ಸುಕ್ಕು ಯಾವ ಜಾಗದ ಕಡೆ ಬೊಟ್ಟು ಮಾಡುತ್ತದೋ ಅಲ್ಲಿ ಬಟ್ಟೆ ಸಾಲದು, ಸಡಿಲವಾಗಿ ಜೋತ ಮಡಿಕೆ ಇದ್ದಲ್ಲಿ ಹೆಚ್ಚಾಗಿದೆ. ಸಾಲದಿದ್ದಲ್ಲಿ ಸೀಳಿ ತುಂಡು ಸೇರಿಸಿ, ಹೆಚ್ಚಿದ್ದಲ್ಲಿ ಪಿನ್ನು ಹಾಕಿ, ಆ ಬದಲಾವಣೆಯನ್ನು ಅಂದೇ ಕಾಗದಕ್ಕೆ ದಾಟಿಸಿ. ನಾಳೆ ಮಾಡೋಣ ಎಂದದ್ದು ಉಳಿಯುವುದಿಲ್ಲ.

ಹೊಲಿಗೆಯಲ್ಲಿ ಅಂಕ ಕಳೆಯುವುದು ಬಹುಪಾಲು ಇಸ್ತ್ರಿಯ ಕಾರಣಕ್ಕೆ. ಊರಿನಲ್ಲಿ ಹೊಲಿದು ಮುಗಿಸಿ ಕೊನೆಗೊಮ್ಮೆ ಇಸ್ತ್ರಿ ಮಾಡುತ್ತೇವೆ. ಇಲ್ಲಿ ಒಂದು ಹೊಲಿಗೆ ಮುಗಿದೊಡನೆ, ಇನ್ನೊಂದು ಹೊಲಿಗೆ ಅದನ್ನು ದಾಟುವ ಮೊದಲು, ಒತ್ತಲೇಬೇಕು. ಮೊದಲು ಹೊಲಿದಂತೆಯೇ ಮುಚ್ಚಿದ ಸ್ಥಿತಿಯಲ್ಲಿ ಒತ್ತಿ. ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಅಂಚುಗಳನ್ನು ಬಿಡಿಸಿ ಒತ್ತಿ. ಪೆಟ್ಟಿಗೆಯನ್ನು ಎಳೆದಾಡಬೇಡಿ, ಎತ್ತಿ ಇಟ್ಟು ಎತ್ತಿ. ಎಳೆದರೆ ಓರೆ ಅಂಚುಗಳು ಹಿಗ್ಗುತ್ತವೆ. ಕತ್ತಿನ ತಿರುವು ಬಾಯಿ ಬಿಟ್ಟುಕೊಂಡು ನಿಲ್ಲುವುದಕ್ಕೆ ಎಷ್ಟೋ ಸಲ ಇದೇ ಕಾರಣ.

9. ಪೋರ್ಟ್‌ಫೋಲಿಯೊ ಮತ್ತು ದುಡಿಮೆ

ನಿಮ್ಮ ಕೆಲಸದ ಮಾದರಿಗಳ ಸಂಗ್ರಹವಾದ ಪೋರ್ಟ್‌ಫೋಲಿಯೊವನ್ನು ಕೊನೆಯ ಅವಧಿಗೆ ಬಿಡಬೇಡಿ. ಪ್ರತಿ ಉಡುಪಿನ ಹೊರಗನ್ನಷ್ಟೇ ಅಲ್ಲ, ಒಳಗನ್ನೂ ತಿರುಗಿಸಿ ಚಿತ್ರ ತೆಗೆದಿಡಿ. ಕೆಲಸ ಬಲ್ಲವರು ಮೊದಲು ನೋಡುವುದು ಒಳಗನ್ನೇ.

ಎಚ್-4 ವೀಸಾದವರು ಕೆಲಸದ ಅನುಮತಿ ಪತ್ರವಿಲ್ಲದೆ ಹಣ ಪಡೆದು ಹೊಲಿಯುವಂತಿಲ್ಲ. ಈ ಅನುಮತಿ 2015ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಮಾತ್ರ ದೊರೆಯುತ್ತಿದೆ. ಕನ್ನಡ ಕೂಟದ ರಾಜ್ಯೋತ್ಸವಕ್ಕೆಂದು ಪರಿಚಿತರ ಹತ್ತು ರವಿಕೆ ಹೊಲಿದು ಇಪ್ಪತ್ತು ಇಪ್ಪತ್ತು ಡಾಲರ್ ಪಡೆದರೂ ಅದು ಅನುಮತಿಯಿಲ್ಲದ ದುಡಿಮೆಯೇ. ಸಂಬಳವಿಲ್ಲದ ಇಂಟರ್ನ್‌ಷಿಪ್ ಕೂಡ ಎಲ್ಲ ಸಂದರ್ಭದಲ್ಲೂ ಸುರಕ್ಷಿತವಲ್ಲ. ಒಪ್ಪಿಕೊಳ್ಳುವ ಮೊದಲು ವಲಸೆ ವಕೀಲರನ್ನು ಕೇಳಿ.

ಅಂತಿಮ ಸಂಗ್ರಹಕ್ಕೆ ಇಳಕಲ್ ಸೀರೆಯನ್ನೋ ಗುಳೇದಗುಡ್ಡದ ಖಣವನ್ನೋ ಬಳಸಬೇಕೆಂಬ ಆಸೆ ನಮ್ಮವರಲ್ಲಿ ಬಹಳ ಮಂದಿಗಿದೆ, ಅಧ್ಯಾಪಕರಿಗೂ ಅದು ಇಷ್ಟವಾಗುತ್ತದೆ. ಆದರೆ ಇಲ್ಲಿನ ಪ್ಯಾಟರ್ನ್ ಜೋಡಣೆಯ ನಕ್ಷೆಗಳು ಸಾಮಾನ್ಯವಾಗಿ 45 ಅಥವಾ 60 ಇಂಚು ಅಗಲದ ಬಟ್ಟೆಗೆ ಹಾಕಿದವು, ಖಣದ ಪನ್ನವೋ ಕಿರಿದು. ಬಟ್ಟೆ ಕೊಳ್ಳುವ ಮೊದಲು ಅಂಗಡಿಯವರಿಂದ ಪನ್ನದ ಅಳತೆಯನ್ನು ಕೇಳಿ, ನೆಲದ ಮೇಲೆ ಅಷ್ಟೇ ಅಗಲಕ್ಕೆ ಟೇಪು ಅಂಟಿಸಿ, ಅದರೊಳಗೆ ಕಾಗದದ ತುಂಡುಗಳನ್ನೆಲ್ಲ ಅಂಚಿನ ವಿನ್ಯಾಸ ಎಲ್ಲಿ ಬರಬೇಕೆಂದು ನೋಡಿಕೊಂಡು ಹೊಂದಿಸಿ, ಎಷ್ಟು ಉದ್ದ ಬೇಕೆಂದು ಲೆಕ್ಕ ಹಾಕಿ. ಅದಕ್ಕೆ ಒಂದು ಮೀಟರ್ ಹೆಚ್ಚಿಗೆ ಸೇರಿಸಿ ತರಿಸಿ, ಅದರಿಂದ ಅಂಗೈಯಷ್ಟು ತುಂಡನ್ನು ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಬಣ್ಣ ಬಿಡುತ್ತದೆಯೇ, ಎಷ್ಟು ಕುಗ್ಗುತ್ತದೆ ಎಂದು ಅಳೆದ ನಂತರವೇ ಕತ್ತರಿಯನ್ನು ಕೈಗೆತ್ತಿಕೊಳ್ಳಿ.